ಓಲ್ಯಳ ಎರಡನೆಯ ಸಾವು

ನನ್ನ ತಂಗಿ ಓಲ್ಯ ತೀರಿಕೊಂಡಳೆಂದು ಹೈಗೊ ಫೋನು ಮಾಡಿದ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಅಣಬೆಗೆ ಉಪ್ಪು ಹಾಕುತ್ತಿದ್ದೆ. ಹೈಗೊ ವೇದಿಕೆಯ ಮೇಲೆ ಅವಳ ಪಕ್ಕ ನಿಂತು ಯಂತ್ರಗಳ ಗುಂಡಿ ತಿರುಗಿಸುತ್ತಿದ್ದವನು. ಐವತ್ತು ದಾಟಿದ್ದರೂ ಕೂದಲನ್ನು ಹಿಂದಕ್ಕೆಳೆದು ಜುಟ್ಟು ಕಟ್ಟುತ್ತಾನೆ.

“ಹೆವ್ರೊ ಅಮ್ಮಾ, ಓಲ್ಯ ಹೋಗ್ಬಿಟ್ರು” ಎಂದ.

“ಹೌದಾ? ಈ ಸಲ ನಾನು ಕಡುಬು ಬೇಯಿಸಲ್ಲ ಅಂತ ಹೇಳು ಅವಳಿಗೆ” ಎಂದೆ.

ಇದು ಕಲ್ಲುಹೃದಯದ ಮಾತಲ್ಲ. ಓಲ್ಯ ಅದಕ್ಕೆ ಮೊದಲೇ ಒಮ್ಮೆ ಸತ್ತಿದ್ದಳು. ನಮ್ಮ ದೇಶ ನಮ್ಮ ಕೈಗೆ ಬಂದು ಕೆಲವು ವರ್ಷಗಳಾಗಿದ್ದಾಗ ಟಾರ್ಟು ನಗರದ ಪತ್ರಿಕೆಯಲ್ಲಿ ಕಪ್ಪು ಚೌಕಟ್ಟಿನೊಳಗೆ ಅವಳ ಹೆಸರು ಬಂತು. ಕೆಳಗೆ, ಶುಕ್ರವಾರ ಸಂಜೆ ಬೀಳ್ಕೊಡುಗೆ, ಹೂವು ತರಬೇಡಿ, ಕಿವಿ ತನ್ನಿ ಎಂದು ಬರೆದಿತ್ತು. ಪಟ್ಟಣದವರ ಶೋಕದ ರೀತಿ ಹೀಗಿರಬಹುದೆಂದು ನಾನು ನಂಬಿದೆ. ಎರಡು ತಟ್ಟೆ ಎಲೆಕೋಸಿನ ಕಡುಬು ಬೇಯಿಸಿದೆ. ಸತ್ತವರ ಹೆಸರಿನಲ್ಲಿ ಹಂಚುವ ಗೋಧಿಗೆ ಜೇನು ಬೆರೆಸಿದೆ. ಆಗಿನ ಮುದಿ ಪಾದ್ರಿಗಳು ಅವಳ ಆತ್ಮಕ್ಕೆ ಪ್ರಾರ್ಥನೆಯನ್ನೂ ಮಾಡಿಬಿಟ್ಟರು. ಗೋಧಿಯ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅಳುತ್ತ ಬಸ್ಸಿನಲ್ಲಿ ಹೋದೆ. ಸಭಾಂಗಣದ ಬಾಗಿಲಲ್ಲಿ ನನ್ನ ತಂಗಿ ಬಿಳಿಯ ಶವವಸ್ತ್ರ ಹೊದ್ದು ಟಿಕೀಟು ಹರಿಯುತ್ತಿದ್ದಳು. ಅವಳ ಹೊಸ ಧ್ವನಿಸುರುಳಿ ಹೊರಬರುವ ದಿನವಂತೆ ಅದು. ನನ್ನನ್ನು ಕಂಡು ಒಂದು ಗಳಿಗೆ ಬೆಪ್ಪಾದಳು. ಆಮೇಲೆ ಪಾತ್ರೆಯ ಮುಚ್ಚಳ ತೆಗೆದು, ತನ್ನ ತಿಥಿಯ ಗೋಧಿಯನ್ನು ತಾನೇ ಒಂದು ಚಮಚ ತಿಂದು, “ಒಣದ್ರಾಕ್ಷಿ ಹಾಕಿಲ್ವಾ ಅಕ್ಕ?” ಎಂದಳು.

ಆ ಚಳಿಗಾಲವೆಲ್ಲ ನಾನು ಅವಳೊಂದಿಗೆ ಮಾತು ಬಿಟ್ಟೆ. ಅವಳು ಈಸ್ಟರಿನವರೆಗೆ ಕಾದಳು. ಆ ಬೆಳಿಗ್ಗೆ ಫೋನು ಮಾಡಿ, “ಕ್ರಿಸ್ತ ಎದ್ದಿದ್ದಾನೆ” ಎಂದಳು. ಈಸ್ಟರಿನ ದಿನ ಆ ಮಾತಿಗೆ ಉತ್ತರ ಕೊಡದಿರಲು ಯಾವ ಕ್ರೈಸ್ತಳಿಗೂ ಸಾಧ್ಯವಿಲ್ಲ. “ನಿಜವಾಗಿ ಎದ್ದಿದ್ದಾನೆ” ಎಂದೆ. “ಅಂತೂ ಬಾಯಿ ಬಿಟ್ಟೆಯಲ್ಲ” ಎಂದು ನಕ್ಕಳು.

ಆದುದರಿಂದ ಹೈಗೊ ಈಗ ನಗುತ್ತಾನೆಂದು ಕಾದೆ. ಅವನು ನಗಲಿಲ್ಲ. ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. “ಆಸ್ಪತ್ರೆಯಲ್ಲೇ ಇದ್ದೀನಿ ಅಮ್ಮಾ. ಹೃದಯ ನಿಂತ್ಹೋಯ್ತು. ಈ ಸಲ ತಮಾಷೆ ಅಲ್ಲ” ಎಂದ.

ಸಾವಾದ ಮನೆಯಲ್ಲಿ ಮಾಡಬೇಕಾದಂತೆ ನಾನು ಗಡಿಯಾರ ನಿಲ್ಲಿಸಿದೆ. ಕನ್ನಡಿಗೆ ಬಟ್ಟೆ ಹೊದಿಸಿದೆ. ದೇವರ ಮೂಲೆಯಲ್ಲಿ ಪಟದ ಮುಂದೆ ದೀಪ ಹಚ್ಚುವಾಗ ಕೈಯಲ್ಲಿನ ಉಪ್ಪು ಬತ್ತಿಗೆ ತಾಗಿ ಚಿಟಚಿಟ ಎಂದಿತು. ಆಗ ನೆನಪಾಯಿತು, ಇದೇ ಪಟದ ಮುಂದೆ ನಿಂತು ನಾನು ಅವಳಿಗೆ ಕೊಟ್ಟ ಮಾತು.

ಬೇಸಿಗೆಯಲ್ಲಿ ಬಂದಿದ್ದಾಗ ಅವಳು ಮೆಟ್ಟಿಲು ಹತ್ತುವಾಗ ಏದುತ್ತಿದ್ದಳು. ಈ ಮೂಲೆಯಲ್ಲೇ ಕುಳಿತು ಕೇಳಿದಳು: “ಅಕ್ಕ, ನನ್ನನ್ನ ಮಣ್ಣು ಮಾಡೋವಾಗ ನನ್ನ ಮಿಷನ್ನಿನ ಹಾಡಿಗೂ ಒಂದು ಸರದಿ ಕೊಡು. ನೀವೆಲ್ಲ ಸೇರಿ ಬರೀ ಅತ್ತು ನನಗೆ ಬೇಜಾರು ಹಿಡಿಸ್ಬೇಡಿ.”

“ನೀನು ನನಗಿಂತ ಆರು ವರ್ಷ ಚಿಕ್ಕವಳು. ಯಾರು ಯಾರನ್ನ ಮಣ್ಣು ಮಾಡೋದು? ಆಯ್ತು, ಬಿಡು.”

“ಬಿಡು ಗಿಡು ಅಲ್ಲ. ಎದ್ದು ನಿಂತು ಪಟದ ಮುಂದೆ ಹೇಳು.”

ನಿಂತೆ. ಶಿಲುಬೆಯ ಗುರುತು ಮಾಡಿಕೊಂಡೆ. ಹೇಳಿದೆ. ತಂಗಿಗೆ ಕೊಟ್ಟ ಮಾತನ್ನು ಹೇಗಾದರೂ ತೇಲಿಸಬಹುದು. ದೇವಮಾತೆಯ ಪಟದ ಎದುರು ಕೊಟ್ಟ ಮಾತು ಉಳಿಯದಿದ್ದರೆ, ಹೋದವಳ ಆತ್ಮ ನಲವತ್ತು ದಿನ ನನ್ನ ಹೊಸಿಲಲ್ಲಿ ಕೈಕಟ್ಟಿ ನಿಂತು ನನ್ನ ಮುಖ ನೋಡುತ್ತಿರುತ್ತದೆ. ನಾನು ಹಾಗೆ ನಂಬಿ ಬೆಳೆದವಳು.

ಅವಳ ಹಾಡು ಎಂಥದ್ದೆಂದು ಹೇಳಬೇಕು. ಅದು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ. ಹರೆಯದಲ್ಲಿ ನಾವಿಬ್ಬರೂ ಸಾಮೂಹಿಕ ಫಾರ್ಮಿನಲ್ಲಿ ಹಾಲು ಕರೆಯುತ್ತಿದ್ದೆವು. ಅಲ್ಲಿಗೆ ಹಾಲು ಕರೆಯುವ ಯಂತ್ರ ಬಂತು. ನಮಗೆಲ್ಲ ಅದು ಬರೀ ಗದ್ದಲ. ಓಲ್ಯಳಿಗೆ ಅದರಲ್ಲಿ ತಾಳ ಕೇಳಿಸಿತು. ಆ ತಾಳಕ್ಕೆ ಸರಿಯಾಗಿ ನಮ್ಮ ಮದುವೆಯ ಪದಗಳನ್ನು ಹಾಡಿದಳು. ಹಸುಗಳು ಹಾಲು ಹೆಚ್ಚು ಕೊಟ್ಟವು. ಬೈಯಲು ಬಂದ ಫಾರ್ಮಿನ ಅಧ್ಯಕ್ಷ ತುಂಬಿದ ಹಾಲಿನ ಡಬ್ಬಿ ನೋಡಿ ಟೋಪಿ ಸರಿಮಾಡಿಕೊಂಡು ಹೋದ.

ಮುಂದೆ ಟಾರ್ಟುವಿನ ಒಂದು ಕಾರ್ಖಾನೆ ಸೇರಿದಳು. ಅಲ್ಲಿ ಎಸೆದ ತಂತಿ, ಬಲ್ಬು, ಗುಂಡಿಗಳನ್ನು ತಂದು ನಮ್ಮಪ್ಪನ ಹಳೆಯ ಜೇನುಪೆಟ್ಟಿಗೆಯೊಳಗೆ ಜೋಡಿಸಿದಳು. ಪೆಟ್ಟಿಗೆ ಗುಂಯ್‌ಗುಟ್ಟಿತು. ಅಪ್ಪ, “ಜೇನು ವಾಪಸ್ಸು ಬಂತೇನೇ?” ಎಂದು ಓಡಿ ಬಂದ. ಅದನ್ನು ಸಂಸ್ಕೃತಿ ಭವನದಲ್ಲಿ ಮೊದಲು ನುಡಿಸಿದಾಗ ಮೇಲಿನಿಂದ ಬಂದಿದ್ದ ಅಧಿಕಾರಿ ಹುಬ್ಬು ಗಂಟಿಕ್ಕಿ ಕೇಳಿದ:

“ಈ ಹಾಡಿನ ವಿಷಯ ಏನು?”

“ಹಾಲಿನ ಇಳುವರಿ, ಕಾಮ್ರೇಡ್.”

“ಪದಗಳೇ ಇಲ್ವಲ್ಲ?”

“ಹಸು ಮಾತಾಡಲ್ಲ, ಕಾಮ್ರೇಡ್.”

ಅವನು ಯೋಚಿಸಿ ಯೋಚಿಸಿ ಅವಳಿಗೊಂದು ಪ್ರಶಸ್ತಿಪತ್ರ ಕೊಟ್ಟ.

ಆಮೇಲೆ ದೇಶ ಬಿಡುಗಡೆಯಾಯಿತು, ಅವಳೂ ಬಿಡುಗಡೆಯಾದಳು. ಟಾಲಿನ್, ಹೆಲ್ಸಿಂಕಿ, ಬರ್ಲಿನ್ ಎಂದು ತಿರುಗಿದಳು. ಕುಣಿಯಲು ಬಂದವರಿಗೆ ಕುಣಿಯಲಾಗದ ತಾಳ ಕೊಟ್ಟಳು. ಅವರು ಅದಕ್ಕೂ ಕುಣಿದರು. ಬರ್ಲಿನ್ನಿಗೆ ಒಮ್ಮೆ ನನ್ನನ್ನೂ ಕರೆದೊಯ್ದಿದ್ದಳು, ನಡುವೆ ಒಂದು ಸೊಲ್ಲು ಹಾಡಲಿಕ್ಕೆ. ಎದೆಯ ತುಂಬ ನಮ್ಮ ಕಡೆಯ ಬೆಳ್ಳಿ ಒಡವೆ ತೊಟ್ಟು ಕಾಯುತ್ತ ಕಾಯುತ್ತ ನಾನು ವೇದಿಕೆಯ ಮೇಲೆಯೇ ನಿದ್ದೆ ಹೋದೆ. ಮರುದಿನದ ಪತ್ರಿಕೆ ಆ ನಿದ್ದೆಯನ್ನೇ ಹೊಗಳಿತಂತೆ. ಓಲ್ಯ ಅದನ್ನು ಓದಿ ಹೇಳಿ, “ಅಕ್ಕ, ಮುಂದಿನ ಸಲ ಗೊರಕೆ ಸ್ವಲ್ಪ ಜೋರಾಗಿ ಹೊಡಿ” ಎಂದಳು.

ಊರಿನಲ್ಲಿ ಅವಳಿಗೆ ಅಂಥ ಗೌರವವೇನೂ ಇರಲಿಲ್ಲ. ನಮ್ಮ ಹಾಡಿನ ಮೇಳದ ಉಲ್ಯಾನ ಇಂದಿಗೂ ಹೇಳುತ್ತಾಳೆ: “ನಿನ್ನ ತಂಗಿ ರೇಡಿಯೋದಲ್ಲಿ ಬಂದ್ಳು ಕಣೇ. ರೇಡಿಯೋ ಕೆಟ್ಟಿದೆ ಅಂದ್ಕೊಂಡು ನಮ್ಮೆಜಮಾನ್ರು ಅದಕ್ಕೆ ಗುದ್ದಿ ಗುದ್ದಿ ನಿಜವಾಗ್ಲೂ ಕೆಡಿಸ್ಬಿಟ್ರು.”

ಸಾವಿನ ಸುದ್ದಿ ಬಂದ ದಿನವೇ ಪಾದ್ರಿಗಳ ಮನೆಗೆ ಹೋದೆ. ಫಾದರ್ ನಜಾರಿ ಟಾಲಿನ್ನಿನಿಂದ ಬಂದ ಕೆಂಪು ಗಡ್ಡದ ಯುವಕರು. ಸಾಧು ಮನುಷ್ಯ. ಆದರೆ ನಿಯಮದ ವಿಷಯದಲ್ಲಿ ಕಬ್ಬಿಣ. ಶವಸಂಸ್ಕಾರದ ಮಾತೆಲ್ಲ ಮುಗಿದ ಮೇಲೆ ಮೆಲ್ಲಗೆ ಹೇಳಿದೆ.

“ಗುಂಡಿಯ ಹತ್ರ ಒಂದು ಹಾಡು ಇದೆ ಫಾದರ್.”

“ಇರಲಿ. ಯಾರು ಹಾಡ್ತಾರೆ?”

“ಮಿಷನ್ನು.”

ಅವರು ಪುಸ್ತಕ ಮುಚ್ಚಿದರು. “ಅಮ್ಮಾ, ಇದು ನಿಮಗೆ ಗೊತ್ತಿಲ್ಲದ್ದಲ್ಲ. ನಮ್ಮ ಪಂಥದ ಚರ್ಚಿನಲ್ಲಿ ಆರ್ಗನ್ ಇಲ್ಲ, ಪಿಟೀಲಿಲ್ಲ. ದೇವರ ಮುಂದೆ ಹಾಡೋಕೆ ಅವನೇ ಗಂಟಲು ಕೊಟ್ಟಿದ್ದಾನೆ. ಗಂಟಲು ಬಿಟ್ಟರೆ ಬೇರೇನೂ ಇಲ್ಲ.”

“ಗಂಟೆ ಬಾರಿಸ್ತೀರಲ್ಲ?”

“ಗಂಟೆ ಕರೆಯುತ್ತೆ, ಹಾಡಲ್ಲ.”

“ಪಟದ ಮುಂದೆ ಮಾತು ಕೊಟ್ಟಿದ್ದೀನಿ ಫಾದರ್.”

“ಕೊಡಬಾರದ ಮಾತು ಕೊಟ್ಟಿದ್ದೀರಿ. ಪಾಪನಿವೇದನೆಗೆ ಬನ್ನಿ, ನಾನು ಬಿಡಿಸ್ತೀನಿ.”

“ನನ್ನನ್ನ ಬಿಡಿಸ್ತೀರಿ. ಕಾಯ್ತಾ ಇರೋವಳನ್ನ?”

ಅವರು ಗಡ್ಡ ಸವರಿಕೊಂಡರು. ಮನಸ್ಸಿಗೆ ತಾಗಿರಬೇಕು. ಆದರೂ ಹೇಳಿದರು: “ಸ್ಮಶಾನದ ಗೇಟಿನೊಳಗೆ ಯಂತ್ರ ಸದ್ದು ಮಾಡಿದರೆ, ನಾನು ಅಲ್ಲೇ ಪೂಜೆಯ ಬಟ್ಟೆ ಕಳಚಿ ಮನೆಗೆ ಹೋಗ್ತೀನಿ.”

ಹಾಡು ಆಗದಿದ್ದರೆ ತಂಗಿಗೆ ನೆಮ್ಮದಿಯಿಲ್ಲ, ಹಾಡು ಆಯಿತೆಂದರೆ ಅವಳಿಗೆ ಪಾದ್ರಿಯಿಲ್ಲ. ಪಾದ್ರಿಯಿಲ್ಲದೆ ನಮ್ಮವರನ್ನು ಮಣ್ಣು ಮಾಡಿದ್ದನ್ನು ನಾನು ಕಂಡಿಲ್ಲ. ಮನೆಗೆ ಬಂದು, ಸಾಯುವಾಗಲೂ ಕೀಟಲೆ ಬಿಡಲಿಲ್ಲವಲ್ಲ ಎಂದು ಓಲ್ಯಳನ್ನು ಬೈದೆ. ಆಮೇಲೆ ಅತ್ತೆ.

ಮರುದಿನ ಹೈಗೊ ವ್ಯಾನು ತುಂಬ ಕರಿಯ ಪೆಟ್ಟಿಗೆಗಳನ್ನೂ ಒಂದು ಜನರೇಟರನ್ನೂ ತಂದ. ಪಾದ್ರಿಗಳ ಮಾತು ಕೇಳಿ ಅಂಗಳದಲ್ಲೇ ಕುಸಿದು ಕುಳಿತ.

“ಗೇಟಿನ ಹೊರಗೆ ಇಟ್ಕೊಂಡು ನುಡಿಸ್ಲಾ ಅಮ್ಮಾ?”

“ಆಚೆ ನಿಂತು ಕೇಳಿಸ್ಕೊಂಡು ಹೋಗೋಕೆ ಅವಳೇನು ಭಿಕ್ಷುಕಿಯಾ?”

ನಮ್ಮ ಮೇಳದ ಹೆಂಗಸರು ಕಡುಬಿಗೆ ಎಲೆಕೋಸು ಹೆಚ್ಚಲು ಬಂದಿದ್ದರು. ಐದಾರು ಜನ, ಎಲ್ಲರೂ ಮುದುಕಿಯರು, ಎಲ್ಲರೂ ಫಾರ್ಮಿನಲ್ಲಿ ಕೈ ಸವೆಸಿದವರು. ಸ್ತೆಪಾ ನಮ್ಮಲ್ಲಿ ಹಿರಿಯಳು. ಗಂಡಸಿನಂಥ ದಪ್ಪ ದನಿ. ಉಲ್ಯಾನಳದು ಎಲ್ಲರ ಮೇಲೆ ಒಂಟಿಯಾಗಿ ಚುಚ್ಚಿಕೊಂಡು ಹೋಗುವ ಎತ್ತರದ ದನಿ. ಹಾಡು ಏನೆಂದು ಒಮ್ಮೆಯಾದರೂ ಕೇಳೋಣವೆಂದು ಸ್ತೆಪಾ ಹೇಳಿದಳು. ಹೈಗೊ ಮೇಜಿನ ಮೇಲೆ, ಹೆಚ್ಚಿದ ಎಲೆಕೋಸಿನ ಪಕ್ಕ ಒಂದು ಸಣ್ಣ ಪೆಟ್ಟಿಗೆ ಇಟ್ಟು ಗುಂಡಿ ಒತ್ತಿದ.

ಮೊದಲು ಕೆಳಗೆ ಒಂದು ಗುಂಯ್ ಎಂಬ ನಾದ. ಅದರ ಮೇಲೆ ಚುಕ್ಕು-ಪುಸ್ಸು, ಚುಕ್ಕು-ಪುಸ್ಸು. ಅದಕ್ಕೂ ಮೇಲೆ ಎಲ್ಲಿಂದಲೋ ಒಂದು ಸಣ್ಣ ಕೀರಲು, ಬಂದು ಬಂದು ಹೋಗುವುದು. ಹೆಂಗಸರ ಚಾಕುಗಳು ನಿಂತವು.

“ಇದು ನಮ್ಮ ಹಾಲಿನ ಮಿಷನ್ನು ಅಲ್ವೇನೇ?” ಎಂದಳು ಸ್ತೆಪಾ.

“ಎರಡನೇ ಸಾಲಿನದು” ಎಂದಳು ಉಲ್ಯಾನ. “ಅದರ ರಬ್ಬರು ನಳಿಗೆ ಸೀಳಿತ್ತು. ಗಾಳಿ ಹಿಂಗೇ ಕಿರುಚ್ತಿತ್ತು.” ಹೇಳಿದವಳೇ ಬಾಯಿ ಓರೆ ಮಾಡಿ ಆ ಕೀರಲನ್ನು ಹಾಗೆ ಹಾಗೆಯೇ ತೆಗೆದಳು. ಪೆಟ್ಟಿಗೆಯ ದನಿ ಯಾವುದು, ಉಲ್ಯಾನಳದು ಯಾವುದೆಂದು ಗೊತ್ತಾಗಲಿಲ್ಲ. ಸ್ತೆಪಾ ಅವಳನ್ನು ಅಣಕಿಸಲೆಂದು ಪಂಪಿನಂತೆ ಗುಂಯ್‌ಗುಟ್ಟಿದಳು. ಹೈಗೊ ತಲೆ ಎತ್ತಿ ನನ್ನನ್ನು ನೋಡಿದ. ನಾನು ಎದ್ದು ಹೋಗಿ ಪೆಟ್ಟಿಗೆಯ ಗುಂಡಿ ಆರಿಸಿದೆ.

“ನಿಲ್ಲಿಸ್ಬೇಡ್ರೇ” ಎಂದೆ. “ಇವು ಗಂಟಲೇ ತಾನೆ?”

ಸತ್ತವಳನ್ನು ಕರೆತರುವ ಮೊದಲು ಕಲಿಯಬೇಕಿತ್ತು. ನಾವು ಚಿಕ್ಕಂದಿನಿಂದ ಹಾಡಿದವರು. ಒಬ್ಬಳು ಸೊಲ್ಲು ಎತ್ತುವುದು, ಉಳಿದವರು ಹಿಡಿಯುವುದು, ಮೇಲೆ ಒಂದೇ ಎತ್ತರದ ದನಿ: ಇದರಲ್ಲಿ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೆ ಯಂತ್ರವಾಗುವುದು ಬೇರೆ ಕೆಲಸ. ಹೈಗೊ ಮರದ ಸೌಟು ಹಿಡಿದು ತಾಳ ತೋರಿಸುತ್ತಿದ್ದ.

“ಸ್ತೆಪಾ ಅಮ್ಮಾ, ಪಂಪು ಉಸಿರು ತಗೊಳ್ಳಲ್ಲ.”

“ಪಂಪಿಗೆ ಎಂಬತ್ತಾಗಿಲ್ಲ ಕಣಪ್ಪ.”

“ಇಬ್ಬರು ಪಂಪಾಗಿ. ಒಬ್ಬರು ಉಸಿರು ತಗೊಳ್ಳೋವಾಗ ಇನ್ನೊಬ್ಬರು ಹಿಡ್ಕೊಳ್ಳಿ.”

ಉಲ್ಯಾನ ಮುನಿಸಿಕೊಂಡಳು. “ಐವತ್ತು ವರ್ಷ ಮೇಲಿನ ದನಿ ಹಾಡಿದೀನಿ. ಈಗ ನಾನು ಹರಿದ ರಬ್ಬರಾ?”

“ಆ ಮಿಷನ್ನಿಗೆ ನೀನೇ ಎಣ್ಣೆ ಹಾಕ್ದೆ ಬಿಟ್ಟಿದ್ದೆ. ಅದಕ್ಕೇ ಹರೀತು” ಎಂದಳು ಸ್ತೆಪಾ. “ಈಗ ಅನುಭವಿಸು.”

“ರಬ್ಬರಿಗೆ ಯಾರಾದ್ರೂ ಎಣ್ಣೆ ಹಾಕ್ತಾರೇನೇ, ಪೆದ್ದಿ?”

ಉಳಿದವರು ನಗೆ ತಡೆಯಲಾರದೆ ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡರು. ಸತ್ತ ಮನೆಯಲ್ಲಿ ಹಾಗೆ ನಗಬಾರದು. ನಾನೂ ನಕ್ಕೆ. ಚುಕ್ಕು-ಪುಸ್ಸು ಎನ್ನಲು ಹೋಗಿ ಹಲ್ಲಿನ ಸೆಟ್ಟು ಜಾರಿದ ಒಬ್ಬಳು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡಾಗ ಪುಸ್ಸು ಇನ್ನೂ ಚೆನ್ನಾಗಿ ಬಂತು. ಹೈಗೊ ಕೈ ಮುಗಿದ.

ಮಣ್ಣು ಮಾಡುವ ದಿನ ಗಾಳಿ ಇರಲಿಲ್ಲ. ಟಾಲಿನ್ನಿನಿಂದ ಕರಿಯ ಬಟ್ಟೆಯ, ಕಿವಿಗೆ ಮೂಗಿಗೆ ರಿಂಗು ಹಾಕಿದ ಜನ ಬಸ್ಸು ತುಂಬ ಬಂದಿದ್ದರು. ಎಲ್ಲಿ ಯಾವಾಗ ಶಿಲುಬೆಯ ಗುರುತು ಮಾಡಬೇಕೆಂದು ತಿಳಿಯದೆ ನಮ್ಮ ಮುದುಕಿಯರನ್ನೇ ನೋಡಿ ನೋಡಿ ಮಾಡುತ್ತಿದ್ದರು. ಸ್ತೆಪಾ ಬೇಕೆಂದೇ ಒಂದು ಸಲ ಮೂಗು ತುರಿಸಿಕೊಂಡಳು. ಅವರೆಲ್ಲ ಮೂಗು ತುರಿಸಿಕೊಂಡರು.

ಶವಪೆಟ್ಟಿಗೆ ಮುಚ್ಚುವ ಮೊದಲು ನಾನು ಅವಳ ತಲೆಯ ಬಳಿ ನಿಂತು, ನಮ್ಮಲ್ಲಿ ಒಡಹುಟ್ಟಿದವಳು ಮಾಡಬೇಕಾದ ಅಳುಹಾಡನ್ನು ಹಾಡಿದೆ. ಅದನ್ನು ಕಲಿಸಿಕೊಡಲಾಗುವುದಿಲ್ಲ, ಬರೆದಿಡಲೂ ಆಗುವುದಿಲ್ಲ. ಸತ್ತವರನ್ನು ಹೆಸರು ಹಿಡಿದು ಕೇಳುವುದಷ್ಟೆ. ಯಾಕೆ ಎದ್ದೆ ನನ್ನ ಪಕ್ಕದಿಂದ, ನನ್ನ ಚಿಕ್ಕ ಹಂಸವೇ? ಯಾವ ಬಾಗಿಲಿಂದ ಹೋದೆ, ನನಗೆ ಕೇಳಿಸಲಿಲ್ಲವಲ್ಲ? ನಿನ್ನ ಹಾಸಿಗೆ ಯಾರು ಹಾಸುತ್ತಾರೆ? ಅವಳು ಉತ್ತರ ಕೊಡಲಿಲ್ಲ. ಅವಳು ನನ್ನ ಮಾತಿಗೆ ಎದುರುತ್ತರ ಕೊಡದೆ ಬಿಟ್ಟದ್ದು ಅದೇ ಮೊದಲು. ಹೈಗೊ ನನ್ನ ತೋಳು ಹಿಡಿದು ಈಚೆಗೆ ಕರೆತಂದ.

ಪೆಟ್ಟಿಗೆ ಇಳಿಯಿತು. ಫಾದರ್ ನಜಾರಿ ಮಣ್ಣು ಹಾಕಿ, ನಿತ್ಯಸ್ಮರಣೆಯ ಹಾಡು ಹೇಳಿ, ಧೂಪದ ಬಟ್ಟಲನ್ನು ಎತ್ತಿಡಲು ಹೊರಟಾಗ ನಾನು ಸ್ತೆಪಾಳ ಕಡೆ ನೋಡಿದೆ.

ಗುಂಯ್ ಎಂದಿತು.

ಪಾದ್ರಿಗಳ ಕೈ ನಿಂತಿತು. ಚುಕ್ಕು-ಪುಸ್ಸು ಸೇರಿದಾಗ ಅವರ ಮುಖ ಗಡ್ಡದಷ್ಟೇ ಕೆಂಪಾಯಿತು. ಅವರು ಮೊದಲು ಹೈಗೊನ ಕೈ ನೋಡಿದರು. ಎರಡೂ ಖಾಲಿ. ಗೇಟಿನ ಆಚೆಯ ವ್ಯಾನು ನೋಡಿದರು. ಬಾಗಿಲು ಹಾಕಿತ್ತು. ಪಕ್ಕದ ನಮ್ಮ ಅಪ್ಪ ಅಮ್ಮನ ಸಮಾಧಿಯ ಮೇಲೆ ನಮ್ಮ ಪದ್ಧತಿಯಂತೆ ಊಟಕ್ಕೆಂದು ಹಾಸಿದ್ದ ಬಿಳಿ ಬಟ್ಟೆಯ ಬಳಿ ಹೋಗಿ, ಅದರ ಅಂಚು ಎತ್ತಿ ಕೆಳಗೆ ಇಣುಕಿದರು. ಕಡುಬಿನ ಬುಟ್ಟಿಯನ್ನೂ ಸರಿಸಿದರು. ಕೀರಲು ಎದ್ದಿತು. ಕೊನೆಗೆ ಸ್ತೆಪಾಳ ಎದುರು ಬಂದು ನಿಂತು, ಬಗ್ಗಿ, ಅವಳ ಬಾಯಿಯನ್ನೇ ನೋಡಿದರು. ಸ್ತೆಪಾ ಕಣ್ಣು ಮಿಟುಕಿಸದೆ ಪಂಪಾಗಿ ನಿಂತಿದ್ದಳು. ಉಸಿರು ಬೇಕಾದಾಗ ಪಕ್ಕದವಳ ಮೊಣಕೈ ತಿವಿಯುತ್ತಿದ್ದಳು.

ಪೂಜೆಯ ಬಟ್ಟೆಯ ಗುಂಡಿಯ ಮೇಲೆ ಅವರ ಕೈ ಇತ್ತು. ನನ್ನ ಕಣ್ಣು ಆ ಕೈಯನ್ನು ಬಿಟ್ಟು ಕದಲಲಿಲ್ಲ. ಬಿಚ್ಚುತ್ತಾರೆ, ಈಗ ಬಿಚ್ಚುತ್ತಾರೆ ಎಂದುಕೊಂಡೆ. ಮೇಳದವರೆಲ್ಲ ಒಬ್ಬೊಬ್ಬರಾಗಿ ದನಿ ಇಳಿಸಿದರು. ಯಾವಾಗಲೂ ಕೊಟ್ಟಿಗೆಯಲ್ಲಿ ಆಗುತ್ತಿದ್ದಂತೆ ಮೊದಲು ತಾಳ ನಿಂತಿತು, ಆಮೇಲೆ ಪಂಪು ಸೊರಗಿತು. ಹರಿದ ರಬ್ಬರಿನ ದನಿ ಮಾತ್ರ ಒಂದಿಷ್ಟು ಹೊತ್ತು ಮೇಲೆ ನಿಂತು, ತೆಳ್ಳಗಾಗಿ ಹೋಯಿತು. ಉಲ್ಯಾನಳ ಕೆನ್ನೆ ಒದ್ದೆಯಾಗಿತ್ತು.

“ಏನಿದು?” ಎಂದರು ಪಾದ್ರಿಗಳು.

“ಗಂಟಲು, ಫಾದರ್” ಎಂದೆ.

“ಪದಗಳು?”

“ಇಲ್ಲ. ಆದ್ದರಿಂದ ಅದರಲ್ಲಿ ತಪ್ಪು ಮಾತೂ ಇಲ್ಲ.”

ಅವರು ಸಮಾಧಿಯ ಗುಂಡಿಯೊಳಗೆ ಒಮ್ಮೆ ಬಗ್ಗಿ ನೋಡಿದರು. ಗಂಟಲು ಬಿಟ್ಟರೆ ಬೇರೇನೂ ಇಲ್ಲವೆಂದು ಹೇಳಿದವರು ಅವರೇ. ಕೈ ಪೂಜೆಯ ಬಟ್ಟೆಯಿಂದ ಕೆಳಗೆ ಬಂತು. “ಭಾನುವಾರ ನೀವೆಲ್ಲರೂ ಪಾಪನಿವೇದನೆಗೆ ಬರ್ತೀರಿ” ಎಂದರು. “ಒಬ್ಬರೂ ತಪ್ಪಿಸೋ ಹಾಗಿಲ್ಲ.”

“ಬರ್ತೀವಿ ಫಾದರ್.”

ಆಮೇಲೆ ನಾವು ಬಟ್ಟೆಯ ಸುತ್ತ ಕುಳಿತೆವು. ಜೇನಿನ ಗೋಧಿ, ಮೊಟ್ಟೆ, ಕಡುಬು, ಹುರಿದ ಮೀನು, ಮನೆಯಲ್ಲಿ ಬಟ್ಟಿ ಇಳಿಸಿದ ಸಾರಾಯಿ. ಟಾಲಿನ್ನಿನವರು ಸಮಾಧಿಯ ಮೇಲೆ ಉಣ್ಣಲು ಹಿಂಜರಿದರು. ಸ್ತೆಪಾ ಅವರ ಕೈಗೆ ಒಂದೊಂದು ಕಡುಬು ತುರುಕಿದಳು. ಪಾದ್ರಿಗಳು ಮೊಟ್ಟೆಯ ಸಿಪ್ಪೆ ಬಿಡಿಸುತ್ತ, ಯಾರನ್ನೂ ನೋಡದೆ ಕೇಳಿದರು:

“ಆ ಕೆಳಗಿನ ದನಿ ಯಾರದು?”

“ನಂದು” ಎಂದಳು ಸ್ತೆಪಾ.

“ಚರ್ಚಿನ ಮೇಳದಲ್ಲಿ ಕೆಳದನಿಯವನು ಫಿನ್ಲೆಂಡಿಗೆ ಕೆಲಸಕ್ಕೆ ಹೋಗ್ಬಿಟ್ಟಿದ್ದಾನೆ. ಭಾನುವಾರ ಸ್ವಲ್ಪ ಬೇಗ ಬನ್ನಿ.”

“ಪಾಪ ಹೇಳ್ಕೊಳ್ಳೋಕೆ ಮುಂಚೆಯಾ, ಆಮೇಲೆಯಾ?”

“ಆಮೇಲೆ” ಎಂದರು ಫಾದರ್ ನಜಾರಿ. ಗಡ್ಡದೊಳಗೆ ನಕ್ಕರೋ ಏನೋ, ನನಗೆ ಕಾಣಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಹೊಸ ಮಣ್ಣಿನ ಬಳಿ ಉಳಿದೆ. ಹೇಳಬೇಕಾದದ್ದು ಇಷ್ಟೇ ಇತ್ತು.

ಕರುಣಾಳುವಾದ ಕರ್ತನೇ, ನಿನ್ನ ದಾಸಿ ಓಲ್ಗ, ನಮ್ಮ ಓಲ್ಯ, ನಿನ್ನ ಬಳಿ ಬರುತ್ತಿದ್ದಾಳೆ. ಅವಳು ಸುಮ್ಮನೆ ಬರುವವಳಲ್ಲ. ಬಾಗಿಲು ತಟ್ಟಿದರೂ ತಾಳ ಹಿಡಿದೇ ತಟ್ಟುತ್ತಾಳೆ. ಅವಳ ಕೀಟಲೆಯಲ್ಲಿ ಹಗೆ ಇರಲಿಲ್ಲವೆಂದು ನಾನು ಸಾಕ್ಷಿ ಹೇಳುತ್ತೇನೆ. ಯಾರೂ ಕಿವಿಗೊಡದ ಸದ್ದಿಗೆ ಅವಳು ಕಿವಿಗೊಟ್ಟಳು; ನೀನು ಅವಳಿಗೆ ಕಿವಿಗೊಡು. ಅವಳ ಎದೆ ಬಹಳ ದಣಿದಿತ್ತು. ಮೆಟ್ಟಿಲಿಲ್ಲದ ಕಡೆ ಅವಳಿಗೆ ಜಾಗ ಕೊಡು, ನಮ್ಮ ಅಪ್ಪ ಅಮ್ಮನ ಹತ್ತಿರ, ನೋವಿಲ್ಲದ, ನಿಟ್ಟುಸಿರಿಲ್ಲದ ಕಡೆ. ಅವಳ ಆತ್ಮಕ್ಕೆ ಶಾಂತಿ ಕೊಡು, ತಂದೆಯೇ. ಆಮೆನ್.